ಅಗಸಿ ದಾಟಬೇಕಿದ್ದ ಹಳದಿ ಕಾರು

ತಮ್ಮನ ಮದುವೆಗೆ ನಮ್ಮ ಮನೆಯಲ್ಲಿ ಜಾತಕ ನೋಡಿಸಲಿಲ್ಲ, ಕಾರಿನ ಎಫ್.ಸಿ. ನೋಡಿಸಿದೆವು. ಗಾಡಿ ರಸ್ತೆಯ ಮೇಲೆ ಓಡಾಡಲು ಯೋಗ್ಯವಾಗಿದೆ ಅಂತ ಸರ್ಕಾರದವರು ಪರೀಕ್ಷೆ ಮಾಡಿ ಕೊಡುವ ಕಾಗದಕ್ಕೆ ಎಫ್.ಸಿ. ಅನ್ನುತ್ತಾರೆ. ನಾನು ಬಸ್ ಕಂಡಕ್ಟರ್. ಶಿಗ್ಗಾಂವದಿಂದ ಸವಣೂರು, ಅಲ್ಲಿಂದ ಹಾನಗಲ್ಲು, ಒಮ್ಮೊಮ್ಮೆ ಹಿರೇಕೆರೂರಿನ ತನಕ ಟಿಕೆಟ್ ಮಷೀನು ಹಿಡಿದುಕೊಂಡು ತಿರುಗುವವಳು. ಎಫ್.ಸಿ. ಆದ ಮಾರನೇ ದಿನವೇ ಬಸ್ಸು ನಡುರಸ್ತೆಯಲ್ಲಿ ಕೈಕೊಟ್ಟು, ಜನರಿಂದ ಬಾಯಿಗೆ ಬಂದಂತೆ ಬೈಸಿಕೊಂಡವಳು. ಹಾಗಾಗಿ ಆ ಕಾಗದದ ಮೇಲೆ ನನಗೆ ಅಂಥ ಭಕ್ತಿಯೇನೂ ಇಲ್ಲ. ಭಕ್ತಿ ಇದ್ದದ್ದು ಅಪ್ಪನಿಗೆ.

ಅಪ್ಪನಿಗೆ ಬೇಕಾಗಿದ್ದು ಒಂದೇ. ಮಗ ಮದುಮಗನಾಗಿ, ಗಾಡಿಯಲ್ಲಿ ಕೂತೇ ಊರ ಅಗಸಿ ದಾಟಬೇಕು. ನಮ್ಮೂರು ಚಿಕ್ಕೇರೂರಿನಿಂದ ಆಚೆಗಿದೆ, ಹೆಸರು ಬೇಡ. ಡಾಂಬರು ರಸ್ತೆ ಬಿಟ್ಟು ಒಳಗೆ ಹೊರಳಿದರೆ ಮೊದಲು ಸಿಗುವುದು ಅಗಸಿ, ಅಂದರೆ ಊರಿನ ಹಳೆಯ ಹೆಬ್ಬಾಗಿಲು. ಬಾಗಿಲು ಯಾವ ಕಾಲಕ್ಕೋ ಹೋಗಿದೆ. ಎರಡು ಕಡೆ ಕಲ್ಲಿನ ಗೋಡೆ, ಗೋಡೆಗೆ ಹತ್ತಿದ ಕಟ್ಟೆ, ಕೆಳಗೆ ಅಡ್ಡಕ್ಕೆ ಒಂದು ಹೊಸ್ತಿಲ ಕಲ್ಲು, ಇಷ್ಟೇ ಉಳಿದಿವೆ. ಅಗಸಿ ದಾಟಿ ದೊಡ್ಡ ಓಣಿ ಹಿಡಿದು ಕೊನೆಯ ತನಕ ಹೋದರೆ ನಮ್ಮ ಕೇರಿ ಬರುತ್ತದೆ. ಬೇರೆ ದಾರಿ ಇಲ್ಲ.

ಅಪ್ಪ ಮದುವೆಯಾಗಿ ಅವ್ವನನ್ನು ಕರೆದುಕೊಂಡು ಬಂದದ್ದು ಎತ್ತಿನ ಗಾಡಿಯಲ್ಲಿ. ಆ ದಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಜಗಳ ಮಾಡಲಿಲ್ಲವಂತೆ, ಬೈಯಲೂ ಇಲ್ಲವಂತೆ. "ಇಳದ ಹೋಗೋ ತಮ್ಮಾ" ಅಂದರಂತೆ, ಅಷ್ಟೇ. ನಮ್ಮ ಕೇರಿಯವರು ಗಾಡಿಯ ಮೇಲೆ ಕೂತು ಅಲ್ಲಿ ಹಾಯುವ ಹಾಗಿರಲಿಲ್ಲ. ಅಪ್ಪ ಇಳಿದ. ಬಾಸಿಂಗ ಕಟ್ಟಿಕೊಂಡಿದ್ದ ಅವ್ವನೂ ಇಳಿದಳು. ಖಾಲಿ ಗಾಡಿ ಮುಂದೆ, ಇವರಿಬ್ಬರು ಹಿಂದೆ. ಇದನ್ನು ಅಪ್ಪ ಎಂದೂ ಬಾಯಿ ಬಿಟ್ಟು ಹೇಳಿದವನಲ್ಲ. ನನಗೆ ಹೇಳಿದ್ದು ಅವ್ವ, ಅದೂ ರೊಟ್ಟಿ ಬಡಿಯುತ್ತ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ಈಗ ಅಂಥದ್ದೇನೂ ಇಲ್ಲ. ಹಾನಗಲ್ಲಿನ ದನದ ದವಾಖಾನೆಗೆ ಕೆಲಸಕ್ಕೆ ಹೋಗುವ ನನ್ನ ತಮ್ಮ ದಿನಾ ಬೈಕಿನ ಮೇಲೆ ಅಲ್ಲೇ ಹಾಯುತ್ತಾನೆ. ಕಟ್ಟೆಯ ಮೇಲೆ ಕೂತವರು ಕಾಲು ಚಾಚಿದ್ದರೆ ಅವರಿಗೇ ಹಾರ್ನ್ ಹೊಡೆಯುತ್ತಾನೆ. ಅವರೂ ನಗುತ್ತ ಕಾಲು ಮಡಚಿಕೊಳ್ಳುತ್ತಾರೆ. ಆದರೆ ಅಪ್ಪನ ಲೆಕ್ಕದಲ್ಲಿ ಬೈಕು ಬೇರೆ, ಮದುವೆಯ ಗಾಡಿ ಬೇರೆ. ಹುಡುಗಿ ಗೊತ್ತಾದ ದಿನದಿಂದ ಅವನ ತಲೆಯಲ್ಲಿ ಇದೊಂದೇ ಕೊರೆಯತೊಡಗಿತು. ಅವ್ವನಿಂದ ನನಗೆ ವಿಷಯ ಗೊತ್ತಾಗಿದೆ ಅಂತ ತಿಳಿದಾಗ ಅವನು ನನ್ನನ್ನು ಹಿತ್ತಲಿಗೆ ಕರೆದ.

"ತಮ್ಮಗ ಹೇಳಬ್ಯಾಡ," ಅಂದ.

"ಯಾಕಪ್ಪ? ಗೊತ್ತಾದ್ರ ಅವನೂ ಎದಿ ಉಬ್ಬಿಸಿ ಕುಂದರ್ತಾನ."

"ಎದಿ ಉಬ್ಬಿಸಿ ಕುಂದರೂದು ಬ್ಯಾಡ. ನಿನ್ನ ಬಸ್ಸಿನ್ಯಾಗ ಮಂದಿ ಕುಂದರತಾರಲ್ಲ, ಹಂಗ ಕುಂದರಬೇಕು. ಹೊರಗ ನೋಡಕೋತ."

ನಾನು ಆಯ್ತು ಅಂದೆ. ಅಪ್ಪನಿಗೆ ಕೊಟ್ಟ ಮಾತು, ಉಳಿಸಿಕೊಳ್ಳುವುದು ಏನು ಕಷ್ಟ ಅಂದುಕೊಂಡೆ.

ಇನ್ನು ಆ ಕಾರು. ಸವಣೂರಿನಲ್ಲಿ ಮದುವೆಗೆ ಪೆಂಡಾಲು ಹಾಕುವ ಒಬ್ಬ ಚಾಚಾ ಇದ್ದಾರೆ. ಹಾನಗಲ್ಲು, ಶಿಗ್ಗಾಂವ ಕಡೆಯ ಅರ್ಧಕ್ಕರ್ಧ ಮದುವೆಗಳು ಅವರ ಪೆಂಡಾಲಿನ ಕೆಳಗೇ ಆಗುತ್ತವೆ. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಚಾಚಾ ಮೊದಲು ಕೇಳುವುದು ಊಟಕ್ಕೆ ಎಷ್ಟು ಮಂದಿ ಅಂತ. ಅವರು ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಯೊಬ್ಬರ ಮನೆಯಿಂದ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದುಕೊಂಡಿದ್ದರು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ಸರಿಯಾಗಿ ಅನ್ನಲು ಬಂದಿರಲಿಲ್ಲ. ಅಚ್ಚ ಹಳದಿ ಬಣ್ಣ. ಒಂದು ಬಟನ್ ಒತ್ತಿದರೆ ಮೇಲಿನ ಹೊದಿಕೆ ತಾನೇ ಮಡಚಿಕೊಂಡು ಹಿಂದೆ ಹೋಗುತ್ತದೆ. ಹಿಂದಿನ ಸೀಟು ಹೆಸರಿಗೆ ಮಾತ್ರ, ಮಕ್ಕಳಿಗೂ ಸಾಲದು. ಮದುಮಕ್ಕಳನ್ನು ಆ ಸೀಟಿನ ಬೆನ್ನಿನ ಮೇಲೆ, ಎಲ್ಲರಿಗೂ ಕಾಣುವಂತೆ ಎತ್ತರಕ್ಕೆ ಕೂಡಿಸುತ್ತಾರೆ. ಪೆಂಡಾಲು ಹೇಳಿದವರಿಗೆ ಚಾಚಾ ಕಾರನ್ನು ಬಾಡಿಗೆ ಇಲ್ಲದೆ ಖುಷಿಗೆ ಕೊಡುತ್ತಿದ್ದರು, ತಾವೇ ಓಡಿಸುತ್ತಿದ್ದರು.

ತಮ್ಮ ಅದನ್ನು ಯಾರದೋ ಮದುವೆಯ ರೀಲ್ಸಿನಲ್ಲಿ ನೋಡಿ ಮರುಳಾಗಿಬಿಟ್ಟಿದ್ದ. ಫೋನು ತಂದು ಅವ್ವನಿಗೆ ತೋರಿಸಿದ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಗೊಂಕರಗಪ್ಪಿ ಕುಂತಂಗ ಕುಂತೈತಲ್ಲೋ," ಅಂದಳು. ಮಳೆ ಬಿದ್ದಾಗ ಹೊಲದ ನೀರಿನಲ್ಲಿ ಹಳದಿ ಕಪ್ಪೆಗಳು ಕೂತಿರುತ್ತವಲ್ಲ, ನಿಜಕ್ಕೂ ಹಾಗೇ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗೊಂಕರಗಪ್ಪಿ. ಅಪ್ಪ ಮಾತ್ರ ನಗಲಿಲ್ಲ. ಮದುಮಗ ಎತ್ತರಕ್ಕೆ ಕೂತಿದ್ದನ್ನು ಅವನು ಫೋನಿನಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ. ನಂತರ ಕೇಳಿದ ಪ್ರಶ್ನೆ, "ಇದು ನಡುವ ನಿಲ್ಲೂದಿಲ್ಲಲ್ಲ?"

ಅದೇ ಪ್ರಶ್ನೆ ಹಿಡಿದುಕೊಂಡು ನಾವಿಬ್ಬರೂ ಸವಣೂರಿಗೆ ಹೋದೆವು. ಚಾಚಾ ಚಹಾ ತರಿಸಿದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು, ಅದೇ ತೊಂದರೆಯಾಯಿತು.

"ಅಪ್ಪಾರ, ಖರೇ ಹೇಳ್ತೇನಿ, ಇದಕ್ಕ ರಾಣೀಸಾಹೇಬರ ಮಿಜಾಜು ಐತ್ರಿ. ಮನಸ್ಸಿದ್ರ ಗಾಳಿ ಹಂಗ ಹೋಗತೈತಿ. ಮಂದಿ ಮುಂದ ಕುಣಿಯಾಕತ್ತು, ನಾವು ಹಿಂದ ಇರಿವಿ ಹಂಗ ಹೊಂಟ್ವಿ ಅಂದ್ರ ಇಂಜಿನ್ನಿಗೆ ಸಿಟ್ಟ ಬರತೈತಿ. ಬಿಸಿ ಆಗಿಬಿಡತೈತಿ."

ಒಮ್ಮೆ ಬಂಕಾಪುರದಲ್ಲಿ ಮಳೆ ಬಂದಾಗ ಹೊದಿಕೆ ಅರ್ಧಕ್ಕೇ ನಿಂತುಹೋಗಿ, ಮದುಮಗನ ತಲೆಯ ಮೇಲೆ ಛತ್ರಿ ಹಿಡಿದು ಕರೆದುಕೊಂಡು ಹೋದದ್ದನ್ನೂ ಅವರೇ ಹೇಳಿ ನಕ್ಕರು. ನಾನೂ ನಕ್ಕೆ. ಅಪ್ಪನ ಮುಖ ಸಣ್ಣದಾಯಿತು. ಬೇರೆ ಕಾರು ನೋಡೋಣ ಅಂತ ನಾನು ಮೆಲ್ಲಗೆ ಅಂದೆ. ಮಗನಿಗೆ ಇದೇ ಬೇಕಾಗಿತ್ತು, ಮಗ ಎತ್ತರಕ್ಕೆ ಕೂಡುವುದು ಅಪ್ಪನಿಗೂ ಬೇಕಾಗಿತ್ತು. ಅಪ್ಪ ಲೋಟ ಕೆಳಗಿಟ್ಟು, "ಇದನ್ನ ಯಾರರ ನೋಡಿ ಪಾಸ್ ಮಾಡ್ತಾರೇನ್ರಿ?" ಅಂತ ಕೇಳಿದ.

ಚಾಚಾ ಹಣೆ ಚಚ್ಚಿಕೊಂಡರು. ಕಾರಿಗೆ ಹದಿನೈದು ವರ್ಷ ತುಂಬಿತ್ತು, ಹೇಗೂ ಅದನ್ನು ಜಿಲ್ಲೆಯ ಆರ್‌ಟಿಒ ಕಚೇರಿಗೆ ತೋರಿಸಿ ರಿಜಿಸ್ಟ್ರೇಶನ್ ಮುಂದುವರಿಸಬೇಕಾಗಿತ್ತು. "ಬರ್ರಿ ಹಂಗಾದ್ರ, ನೀವೂ ಬರ್ರಿ. ನಿಮ್ಮ ಕಣ್ಣೀಲೆ ನೋಡ್ರಿ," ಅಂದರು.

ಹೀಗೆ ಬೇರೆಯವರ ಕಾರಿನ ಪರೀಕ್ಷೆಗೆ ಅಪ್ಪ ಇಸ್ತ್ರಿ ಮಾಡಿದ ಧೋತ್ರ ಉಟ್ಟುಕೊಂಡು ಹೊರಟ. ನಾನು ನನ್ನ ವಾರದ ರಜೆಯ ದಿನವನ್ನು ಅದಕ್ಕೇ ಕೊಟ್ಟು ಹಿಂದೆ ಹೋದೆ. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಲು ಕೂಡ ಅಪ್ಪ ಬಂದಿರಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಟ್ರ್ಯಾಕ್ಟರ್ ಟ್ರೇಲರು, ಶಾಲೆಯ ವ್ಯಾನು, ಗೂಡ್ಸ್ ಆಟೋಗಳ ಸಾಲು. ಅದರ ನಡುವೆ ನಮ್ಮ ಗೊಂಕರಗಪ್ಪಿ. ಎಲ್ಲರೂ ತಮ್ಮ ತಮ್ಮ ಗಾಡಿ ಬಿಟ್ಟು ಬಂದು ಇದರ ಜೊತೆ ಫೋಟೋ ತೆಗೆಸಿಕೊಂಡರು. ಇನ್‌ಸ್ಪೆಕ್ಟರು ನಡುವಯಸ್ಸಿನವರು, ಮಾತು ಕಡಿಮೆ. ಕಾರಿನ ಸುತ್ತ ಒಂದು ಸುತ್ತು ಹಾಕಿ ಕೆಲಸ ಶುರು ಮಾಡಿದರು. ಲೈಟು ಹಚ್ಚಿಸಿದರು, ಆರಿಸಿದರು. ಇಂಡಿಕೇಟರು, ವೈಪರು, ಹಾರ್ನು ನೋಡಿದರು. ಟಾಯರಿನ ಒಳಬದಿಗೆ ಕೈ ಹಾಕಿ ಸವರಿದರು. ಕೆಳಗೆ ನೋಡಲು ಬಗ್ಗಿದವರು ಬಗ್ಗಿದಷ್ಟೂ ಸಾಲದೆ, ಕೊನೆಗೆ ಕರವಸ್ತ್ರ ಹಾಸಿ ಮೊಣಕಾಲೂರಿ ಕಿವಿ ನೆಲಕ್ಕೆ ತಾಗುವಷ್ಟು ಬಾಗಿದರು.

"ಭಾಳ ತಗ್ಗ ಐತೇನ್ರೀ ಸಾಹೇಬ್ರ? ಅದು ತಪ್ಪೇನ್ರಿ?" ಅಂತ ಅಪ್ಪ ಹತ್ತಿರ ಹೋಗಿ ಕೇಳಿದ.

"ಇಲ್ಲ ಅಜ್ಜಾರ. ಕಂಪನ್ಯಾಗ ಮಾಡಿದ್ದ ಹಂಗ. ಅದು ದೋಷ ಅಲ್ಲ."

ಅಪ್ಪ ಸಮಾಧಾನದಿಂದ ಹಿಂದೆ ಸರಿದ. ಒಂದು ದೋಷ ಕಡಿಮೆಯಾಯಿತು ಅಂತ ನನ್ನ ಕಡೆ ನೋಡಿ ತಲೆಯಾಡಿಸಿದ.

ಚಾಚಾ ಕಾರನ್ನು ಓಡಿಸಿ, ಅವರು ಕೈ ಮಾಡಿದಲ್ಲಿ ಬ್ರೇಕು ಹಾಕಿದರು. ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ ಅಂದಾಗ ಕಾರು ಮೆಲ್ಲಗೆ, ಯಾರಿಗೂ ಗೊತ್ತಾಗಬಾರದು ಅನ್ನುವ ಹಾಗೆ ಹಿಂದೆ ಸರಿಯಿತು. ಇನ್‌ಸ್ಪೆಕ್ಟರಿಗೆ ಗೊತ್ತಾಯಿತು. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಹಿಂದಿನ ಟಾಯರುಗಳು ಒಳಬದಿಗೆ ಸವೆದಿವೆ, ಒಂದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಗಾಜಿನ ಕಪ್ಪು ಫಿಲ್ಮು ತೆಗೆಯಬೇಕು, ಮದುವೆಯ ಹಾಡಿನ ಹಾರ್ನು ಕಿತ್ತು ಹಾಕಬೇಕು. ಫೇಲ್.

ಚಾಚಾ ಇದನ್ನು ಹವಾಮಾನದ ಸುದ್ದಿ ಕೇಳಿದಷ್ಟೇ ತಣ್ಣಗೆ ಕೇಳಿಕೊಂಡರು. ಅಪ್ಪ ಕೈಮುಗಿದು ನಿಂತುಬಿಟ್ಟ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

"ಸಾಹೇಬ್ರ, ಇವೆಲ್ಲಾ ಮಾಡಿಸ್ತಾರ್ರಿ ಇವರು. ಮಾಡಿಸಿದ ಮ್ಯಾಲೆ ಇದು ದಾರ್ಯಾಗ ನಿಲ್ಲೂದಿಲ್ಲ ಅಂತ ನೀವು ಬರದ ಕೊಡ್ತೀರೇನ್ರಿ?"

ಇನ್‌ಸ್ಪೆಕ್ಟರು ಮೊದಲ ಸಲ ಅಪ್ಪನ ಮುಖ ಸರಿಯಾಗಿ ನೋಡಿದರು. "ಅಜ್ಜಾರ, ಇದರಿಂದ ಯಾರ ಜೀವಕ್ಕೂ ಅಪಾಯ ಇಲ್ಲ ಅಂತ ನೋಡೂದಷ್ಟ ನಮ್ಮ ಕೆಲಸ. ಬೇಕಂದಾಗ ನಿಲ್ಲಬೇಕು, ಅದು ನನಗ ಮುಖ್ಯ. ನಡುವ ಕೆಡತೈತೋ ಇಲ್ಲೋ, ಅದನ್ನ ನಾ ಹೆಂಗ ಹೇಳ್ಲಿ? ಹೊಸಾ ಗಾಡಿಗೂ ಹಂಗ ಬರದ ಕೊಡಾಕ ಬರೂದಿಲ್ಲ." ಆಮೇಲೆ ಚಾಚಾ ಕಡೆ ತಿರುಗಿ, "ಇವರು ನಿಮಗೇನ ಆಗಬೇಕ್ರಿ?" ಅಂತ ಕೇಳಿದರು. ಚಾಚಾ ಹಿಂದೆಮುಂದೆ ನೋಡದೆ "ಹಿರಿಯಣ್ಣಾರು" ಅಂದರು. ಹಣೆಯ ಮೇಲೆ ನಾಮವಿಲ್ಲದ, ಟೊಪ್ಪಿಗೆಯೂ ಇಲ್ಲದ ಅಪ್ಪ ಅದಕ್ಕೂ ಕೈಮುಗಿದ.

ಬರುವಾಗ ಬಸ್ಸಿನಲ್ಲಿ ನಾನು ಅಪ್ಪನಿಗೆ ತಿಳಿಯ ಹೇಳಲು ನೋಡಿದೆ. ಎಫ್.ಸಿ. ಅಂದರೆ ಆ ದಿನ ಆ ಹೊತ್ತಿಗೆ ಗಾಡಿ ನೆಟ್ಟಗಿತ್ತು ಅಂತ ಅಷ್ಟೇ, ಮರುದಿನದ ಹೊಣೆ ಯಾರೂ ಹೊರುವುದಿಲ್ಲ, ನಮ್ಮ ಬಸ್ಸುಗಳನ್ನು ನೋಡು ಅಂದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಎಲ್ಲ ಕೇಳಿಸಿಕೊಂಡು, "ಫೇಲ್ ಮಾಡೂವಂಥ ಮನಿಶ್ಯಾ ಅದಾನ. ಹಂಗಾದ್ರ ಪಾಸ್ ಮಾಡಿದ್ರ ಅದಕ್ಕ ಕಿಮ್ಮತ್ತ ಐತಿ," ಅಂದ. ನನ್ನ ಸರ್ವಿಸಿನಲ್ಲಿ ಎಂಥೆಂಥ ಪ್ಯಾಸೆಂಜರುಗಳ ಬಾಯಿ ಮುಚ್ಚಿಸಿದ್ದೇನೆ, ಅಪ್ಪನ ಮುಂದೆ ನನ್ನ ಆಟ ನಡೆಯುವುದಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಟಿಕೆಟ್ ಕೊಡುವ ಹೊತ್ತಿಗೆ ಸರಿಯಾಗಿ ಅಪ್ಪನ ಫೋನು. ಟಾಯರು ಬಂತೇನು, ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಎಲ್ಲಿ ಸಿಗುತ್ತದೆ, ಹ್ಯಾಂಡ್‌ಬ್ರೇಕಿನ ತಂತಿ ಹಾಕಿದರೇನು. ಬಸ್ಸು ತುಂಬ ಜನ, ಒಬ್ಬಳು ಕೋಳಿ ಬುಟ್ಟಿ ನನ್ನ ಕಾಲ ಮೇಲೆ ಇಟ್ಟಿದ್ದಾಳೆ, ಇನ್ನೊಬ್ಬ ಚಿಲ್ಲರೆಗಾಗಿ ಕೈ ಚಾಚಿದ್ದಾನೆ, ನಾನು ಕಿವಿಗೂ ಹೆಗಲಿಗೂ ಫೋನು ಸಿಕ್ಕಿಸಿಕೊಂಡು ನಮ್ಮದಲ್ಲದ ಕಾರಿನ ಟಾಯರಿನ ಮಾತು. ಡ್ರೈವರು ನನ್ನನ್ನು ಕಾಡಿಸತೊಡಗಿದ. "ಏನಕ್ಕಾ, ಬಸ್ ಬಿಟ್ಟು ಸ್ಪೋರ್ಟ್ಸ್ ಕಾರ್ ಹಿಡದೀಯಂತ?" ಅನ್ನುತ್ತಿದ್ದ. ತಮ್ಮನಿಗೆ ಇದರ ಕಾರಣ ಗೊತ್ತಿರಲಿಲ್ಲ. ಅಪ್ಪನಿಗೆ ಕಾರಿನ ಹುಚ್ಚು ಹಿಡಿದಿದೆ ಅಂತ ಅವನು ಖುಷಿಪಟ್ಟಿದ್ದ. ಅಪ್ಪನೂ ನನ್ನ ಹಾಗೇ ಅಂತ ಹುಡುಗಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಹೇಳಿಬಿಡಲೇ ಅಂತ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಕೊಟ್ಟ ಮಾತು ಅಡ್ಡ ನಿಲ್ಲುತ್ತಿತ್ತು.

ರಿಪೇರಿ ಮುಗಿದ ಮೇಲೆ ಒಮ್ಮೆ ಓಡಿಸಿ ನೋಡೋಣ ಅಂದರು ಚಾಚಾ. "ನಿಮ್ಮ ಊರ ತನಕನ ಹೋಗಿ ಬರೂಣಲ್ರೀ," ಅಂದರು. ಅಪ್ಪ ಗಾಬರಿಯಿಂದ ಬೇಡವೇ ಬೇಡ ಅಂದ. ನಮ್ಮಲ್ಲಿ ಮದುವೆಯ ಗಾಡಿಯನ್ನು ಮೊದಲೇ ತಂದು ಊರಿಗೆ ತೋರಿಸುವುದಿಲ್ಲ, ದೃಷ್ಟಿಯಾಗುತ್ತದೆ ಅಂತ. ಆ ಗಾಡಿ ಅಗಸಿಯನ್ನು ಮೊದಲ ಸಲ ಕಾಣುವುದು ಮದುಮಗ ಮೇಲೆ ಕೂತಿರುವಾಗಲೇ. ಅಪ್ಪನಿಗೆ ದೃಷ್ಟಿಗಿಂತ ಹೆಚ್ಚಿನದು ಬೇರೆ ಇತ್ತು ಅನ್ನುವುದು ನನಗೆ ಗೊತ್ತಿತ್ತು. ಖಾಲಿ ಗಾಡಿ ಆ ಅಗಸಿಯಲ್ಲಿ ಇನ್ನೊಮ್ಮೆ ಹಾಯುವುದು ಅವನಿಗೆ ಬೇಡವಾಗಿತ್ತು.

ಹಾಗಾಗಿ ಅವರು ಶಿಗ್ಗಾಂವದ ಹೈವೇ ಹಿಡಿದು ಗೊಟಗೋಡಿಯ ಕಡೆ ಹೋದರು. ನನ್ನ ಡ್ಯೂಟಿ ಮುಗಿದಿತ್ತು, ನಾನು ಬಸ್ ಸ್ಟ್ಯಾಂಡಿನ ಹೊರಗೆ ನಿಂತು ನೋಡಿದೆ. ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಮೊಣಕಾಲು ಎದೆಯ ಹತ್ತಿರ ಬಂದಿದ್ದವು, ರುಮಾಲು ಗಾಳಿಗೆ ಹಾರದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದ. ವಾಪಸು ಬಂದಾಗ ಅವನ ಕಣ್ಣು ಮಿನುಗುತ್ತಿದ್ದವು. ನೆಲದ ಮೇಲೇ ಕೂತು ಹಾರಿದ ಹಾಗೆ ಆಗುತ್ತದೆ ಅಂದ. ರಸ್ತೆಯ ಉಬ್ಬುಗಳನ್ನು ಚಾಚಾ ನೇರ ಹತ್ತಿಸದೆ, ಹಾವು ಹೊರಳಿದಂತೆ ಓರೆಯಾಗಿ ಒಂದೊಂದೇ ಗಾಲಿ ದಾಟಿಸುತ್ತಾರೆ ಅನ್ನುವುದನ್ನು ಕೈಯಿಂದ ಮಾಡಿ ತೋರಿಸಿದ. "ಒಮ್ಮೀನೂ ನಿಲ್ಲಲಿಲ್ಲವಾ," ಅಂದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಎರಡನೇ ಸಲ ಕಾರು ಪಾಸಾಯಿತು. ಅದೇ ಇನ್‌ಸ್ಪೆಕ್ಟರು, ಅದೇ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದಾಗ ಕಾರು ಕಲ್ಲಿನ ಹಾಗೆ ನಿಂತಿತಂತೆ. ಅಪ್ಪ ಚಾಚಾ ಅವರಿಂದ ಕಾಗದದ ಜೆರಾಕ್ಸು ಕೇಳಿ ಪಡೆದು, ಮನೆಯ ಗೋಡೆಯ ಬುದ್ಧನ ಫೋಟೋದ ಹಿಂದೆ ಸಿಗಿಸಿದ. ಅವ್ವ ಅದನ್ನು ನೋಡಿ, "ಸೊಸಿ ಬರೂಕಿಂತ ಮೊದ್ಲ ಕಪ್ಪಿ ಮನಿ ತುಂಬಿತು," ಅಂದಳು.

ಮದುವೆ ಹಾನಗಲ್ಲಿನಲ್ಲಿ ಆಯಿತು. ಅಕ್ಷತೆ ಬಿತ್ತು, ಊಟವಾಯಿತು. ಮದುಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟಾಗ ಬಿಸಿಲು ಇಳಿಮುಖವಾಗಿತ್ತು. ಕಾರು ಮುಂದೆ, ನಾವೆಲ್ಲ ಟೆಂಪೋದಲ್ಲಿ ಹಿಂದೆ. ಅಪ್ಪ ಟೆಂಪೋ ಡ್ರೈವರಿನ ಪಕ್ಕ ಕೂತು ಮುಂದಿನ ಹಳದಿ ಬಣ್ಣದಿಂದ ಕಣ್ಣು ಕೀಳಲಿಲ್ಲ. ದಾರಿಯಲ್ಲಿ ಎಲ್ಲಿಯಾದರೂ ಕಾರು ನಿಧಾನವಾದರೆ ಅವನ ಕಾಲು ತಾನೇ ಮುಂದೆ ಒತ್ತುತ್ತಿತ್ತು. ಚಿಕ್ಕೇರೂರು ದಾಟಿತು. ಉಬ್ಬುಗಳಲ್ಲಿ ಕಾರು ಓರೆಯಾಗಿ ಹೊರಳಿ ಹೊರಳಿ ದಾಟುತ್ತಿತ್ತು, ಮೇಲೆ ಕೂತ ತಮ್ಮ ಹೆಂಡತಿಯ ಹೆಗಲು ಹಿಡಿದು ನಗುತ್ತಿದ್ದ. ಕಾರು ಬಿಸಿಯಾಗಲಿಲ್ಲ, ನಿಲ್ಲಲಿಲ್ಲ, ಹೊದಿಕೆ ಸಿಕ್ಕಿಕೊಳ್ಳಲಿಲ್ಲ. ಚಾಚಾ ಹೇಳಿದ ಯಾವ ರೋಗವೂ ಅದಕ್ಕೆ ಅಂದು ಬರಲಿಲ್ಲ.

ಊರ ಮುಂದೆ ಹಲಗಿ ಬಾರಿಸುವವರು ಕಾದಿದ್ದರು. ನಾವು ಟೆಂಪೋ ಇಳಿದು ಕಾರಿನ ಹಿಂದೆ ನಡೆದೆವು. ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು, ಎದ್ದು ನಿಂತು ನೋಡಿದರು, ಕೆಲವರು ಫೋನು ಎತ್ತಿ ಹಿಡಿದರು. ಅಪ್ಪ ಕಾರಿನ ಬಾಗಿಲ ಪಕ್ಕಕ್ಕೆ ಬಂದು ಸೇರಿಕೊಂಡ. ಮುಂದಿನ ಗಾಲಿಗಳು ಹೊಸ್ತಿಲ ಕಲ್ಲನ್ನು ಮೆಲ್ಲಗೆ ಹತ್ತಿ ಇಳಿದವು.

ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಹಲಗಿ ನಿಂತಿತು.

ಆ ಕಲ್ಲಿಗೆ ನಾವೆಲ್ಲ ಹುಟ್ಟಿದಾಗಿನಿಂದ ಅರಿಷಿಣ ಕುಂಕುಮ ಹಚ್ಚುತ್ತ ಬಂದಿದ್ದೇವೆ. ಸಿಮೆಂಟ್ ರಸ್ತೆ ಮಾಡುವಾಗಲೂ ಪೂಜೆಯ ಕಲ್ಲು ಅಂತ ಅದನ್ನು ಮುಚ್ಚದೆ ಬಿಟ್ಟಿದ್ದರು. ಟ್ರ್ಯಾಕ್ಟರು, ಟೆಂಪೋ, ಬೈಕು, ಎಮ್ಮೆ ಎಲ್ಲವೂ ಅದರ ಮೇಲೆ ದಿನಾ ಹಾಯುತ್ತವೆ. ಅದು ಎತ್ತರವಿದೆ ಅಂತ ಯಾರಿಗೂ ಯಾವತ್ತೂ ಅನಿಸಿರಲಿಲ್ಲ. ಈಗ ಗೊಂಕರಗಪ್ಪಿಯ ಹೊಟ್ಟೆ ಅದರ ಮೇಲೆ ಕೂತಿತ್ತು. ಓರೆಯಾಗಿ ಹೊರಳಿಸೋಣ ಅಂದರೆ ಎರಡೂ ಕಡೆ ಅಗಸಿಯ ಗೋಡೆ. ಚಾಚಾ ಹಿಂದೆ ತೆಗೆಯಲು ನೋಡಿದರು, ಮುಂದೆ ಒತ್ತಲು ನೋಡಿದರು. ಹೊಸ ಟಾಯರುಗಳು ಸಿಮೆಂಟಿನ ಮೇಲೆ ಕಿರುಗುಟ್ಟಿದವು, ಕಾರು ಅಲ್ಲಾಡಲಿಲ್ಲ.

ಕಟ್ಟೆಯ ಮೇಲಿನವರು ಕೆಳಗೆ ಹಾರಿದರು. ಅಂದು ಅಪ್ಪನಿಗೆ ಇಳಿ ಅಂದವರ ಮೊಮ್ಮಕ್ಕಳೂ ಇದ್ದರು ಅವರಲ್ಲಿ. "ನೀವು ಕುಂದರ್ರಿ, ನಾವು ಎತ್ತತೇವಿ," ಅಂದರು ತಮ್ಮನಿಗೆ. ನಾನು ಅಪ್ಪನ ಮುಖ ನೋಡಿದೆ. ಅವನ ಬಾಯಿ ಅರ್ಧ ತೆರೆದಿತ್ತು. ಅವರು ಬಂಪರಿಗೆ ಕೈ ಹಾಕಿದರು, ಅದು ಕರಕರ ಅಂದಿತು. ಚಾಚಾ ಗಾಬರಿಯಾಗಿ ಕೈ ತೆಗೆಸಿದರು. ಹಿಡಿದು ಎತ್ತಲು ಆ ಕಾರಿನಲ್ಲಿ ಏನೂ ಇರಲಿಲ್ಲ, ಎಲ್ಲ ನುಣುಪು. ಚಾಚಾ ಮಗ್ಗುಲಿಗೆ ಬಗ್ಗಿ ನೋಡಿ, ಹಣೆಯ ಬೆವರು ಒರೆಸಿಕೊಂಡು, ತಮ್ಮನ ಕಡೆ ತಿರುಗಿದರು.

"ಬೇಟಾ, ಎಲ್ಲಾ ವಜ್ಜಿ ಹಿಂದ ಐತಿ. ಒಂದೀಟ ಇಳೀರಿ. ಕಲ್ಲ ದಾಟಿದ್ಮ್ಯಾಲೆ ಮತ್ತ ಹತ್ರಿ."

ಅಪ್ಪ ಮುಂದೆ ಬಂದು ಕಾರಿನ ಬಾಗಿಲ ಮೇಲೆ ಕೈ ಇಟ್ಟ.

"ಇಳೀಬ್ಯಾಡ," ಅಂದ. ದನಿ ಜೋರಾಗಿರಲಿಲ್ಲ.

"ಅಪ್ಪಾ, ಒಂದ ಮಿನಿಟ್ ಅಷ್ಟ. ಕಾರ್ ಹಾಳಾಗತೈತಿ."

"ಇಳೀಬ್ಯಾಡ ತಮ್ಮಾ."

ತಮ್ಮನಿಗೆ ಏನೂ ಅರ್ಥವಾಗಲಿಲ್ಲ. ಹೇಗೆ ಅರ್ಥವಾಗಬೇಕು, ನಾವು ಯಾರೂ ಹೇಳಿರಲಿಲ್ಲವಲ್ಲ. ಅವನು ನನ್ನ ಕಡೆ ನೋಡಿದ, ಅಪ್ಪನಿಗೆ ಏನಾಯಿತು ಅನ್ನುವ ಹಾಗೆ. ಬಸ್ಸಿನಲ್ಲಿ ಹಿಂದಿನ ಬಾಗಿಲಿನವರಿಗೂ ಕೇಳುವಂತೆ ದಿನವಿಡೀ ಕೂಗುವ ನನಗೆ ಆ ಹೊತ್ತಿಗೆ ಒಂದು ಮಾತು ಹೊರಡಲಿಲ್ಲ. ಅಷ್ಟು ಜನರ ನಡುವೆ, ಆ ಹುಡುಗರ ಎದುರಿಗೆ, ಮದುಮಗಳ ಎದುರಿಗೆ ಏನಂತ ಹೇಳಬೇಕು? ಹೇಳಿದರೆ ಅಪ್ಪನನ್ನು ಎರಡನೇ ಸಲ ಇಳಿಸಿದ ಹಾಗೆ. ಹೇಳದಿದ್ದರೆ ಇವನು ಇಳಿಯುತ್ತಾನೆ.

ತಮ್ಮ ಅಪ್ಪನ ಕೈಯನ್ನು ಪ್ರೀತಿಯಿಂದಲೇ ಸರಿಸಿ, ಬಾಗಿಲು ತೆರೆಯದೆ ಮೇಲಿಂದ ನೆಗೆದ. ನೆಗೆದು ಹೆಂಡತಿಗೆ ಕೈ ಕೊಟ್ಟು ಇಳಿಸಿಕೊಂಡ. ಅವಳು ಸೀರೆಯ ನೆರಿಗೆ ಹಿಡಿದುಕೊಂಡು ನಗುತ್ತ ಇಳಿದಳು. ಬಸ್ಸಿನಿಂದ ಜನ ಇಳಿಯುವಷ್ಟೇ ಸಲೀಸಾಗಿ ಇಳಿದರು ಇಬ್ಬರೂ. ಹಗುರಾದ ಕಾರು ಸ್ವಲ್ಪ ಎದ್ದಿತು, ಹುಡುಗರು ಹಿಂದಿನಿಂದ ನೂಕಿದರು, ಹೊಟ್ಟೆ ಉಜ್ಜಿಕೊಂಡು ಅದು ದಾಟಿಹೋಯಿತು. ಎಲ್ಲರೂ ಸಿಳ್ಳೆ ಹೊಡೆದರು. ಹಲಗಿ ಮತ್ತೆ ಶುರುವಾಯಿತು.

"ಹತ್ತ ಬರ್ರಿ," ಅಂತ ಚಾಚಾ ಕೂಗಿದರು. ತಮ್ಮನನ್ನು ಅಷ್ಟರಲ್ಲಿ ಆ ಹುಡುಗರು ಕುಣಿತಕ್ಕೆ ಎಳೆದುಕೊಂಡಿದ್ದರು. "ಇರ್ಲಿ ಬಿಡ್ರಿ ಚಾಚಾ, ಇನ್ನೊಂದ ಓಣಿ ಅಷ್ಟ. ನಡಕೋತ ಹೋಗತೇವಿ," ಅಂದ ಅವನು. ಅಗಸಿಯ ಒಳಗೆ, ಆ ಕಟ್ಟೆಗಳ ನಡುವೆ, ಅವರ ಹೆಗಲ ಮೇಲೆ ಇವನ ಕೈ, ಇವನ ಹೆಗಲ ಮೇಲೆ ಅವರ ಕೈ ಹಾಕಿಕೊಂಡು ಕುಣಿದರು. ಹಾಗೆಯೇ ಕುಣಿಯುತ್ತ ಮುಂದೆ ಸಾಗಿದರು. ಮುಂದೆ ಹೂವಿನ ಹಾರ ಹಾಕಿಕೊಂಡ ಖಾಲಿ ಕಾರು, ಹಿಂದೆ ಮದುಮಕ್ಕಳು.

ಎಲ್ಲರೂ ಹೋದ ಮೇಲೂ ಅಪ್ಪ ಕಲ್ಲಿನ ಈಚೆಗೇ ನಿಂತಿದ್ದ. ಅವ್ವ ಅವನ ಹತ್ತಿರ ಹೋಗಿ ತೋಳು ಹಿಡಿದಳು. "ನಡೀರಿ," ಅಂದಳು, "ನಾವರ ಎಲ್ಲಿ ಕುಂತ ಹೋಗಿದ್ವಿ." ಅವಳು ಅದನ್ನು ನೋಯಿಸಲು ಅಂದದ್ದಲ್ಲ. ಅಪ್ಪ ತೋಳು ಬಿಡಿಸಿಕೊಳ್ಳಲಿಲ್ಲ, ಕಾಲೂ ಕೀಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದ.

"ಕಟ್ಟೀ ಮ್ಯಾಲಿನವರು ಯಾರರ ಏನರ ಅಂದ್ರೇನು?"

"ಇಲ್ಲಪ್ಪ. ಯಾರೂ ಏನೂ ಅನ್ನಲಿಲ್ಲ. ಎತ್ತತೇವಿ ಅಂದ್ರು."

"ಹಂಗಾದ್ರ ಯಾಕ ಇಳದ?"

"ಕಾರು ತಗ್ಗ ಇತ್ತಪ್ಪ. ಕಲ್ಲಿಗೆ ಹತ್ತಿತು."

ಅಪ್ಪ ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಕಲ್ಲು ನೋಡಿದ. ಕುಂಕುಮದ ಮೇಲೆ ಕಬ್ಬಿಣ ಉಜ್ಜಿದ ಹೊಸ ಗೆರೆ ಬಿದ್ದಿತ್ತು. ಬೆರಳಿನಿಂದ ಅದನ್ನು ಒಮ್ಮೆ ಸವರಿದ. ಅವನನ್ನು ಎಬ್ಬಿಸಲು ನಾನು ಕೈ ಕೊಟ್ಟೆ.

"ಪಾಸ್ ಆಗಿತ್ತಲ್ಲ ಯವ್ವಾ," ಅಂದ.